ಆನ್‌ಲೈನಿನಲ್ಲಿ ಬಂದ ಹೃದಯ

ಮುಳಬಾಗಿಲಿನ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಅದನ್ನು ಎರಡು ಭಾಗ ಮಾಡಲೇಬೇಕು ಎಂದು ಆಗ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಒಂದು, ಉಮಾಶಂಕರ್ ಮೇಷ್ಟ್ರು ಇಂಟರ್ನೆಟ್ ಕಲಿಯುವುದಕ್ಕೆ ಮುಂಚೆ. ಇನ್ನೊಂದು, ಕಲಿತ ಮೇಲೆ!

ಉಮಾಶಂಕರ್ ಮೇಷ್ಟ್ರು ಅಂದರೆ ನಾನೇ. ಊರಿನ ಪ್ರೌಢಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವನು. ಎರಡು ಸಾವಿರದ ಮೂರನೇ ಇಸವಿ, ಮೇ ತಿಂಗಳ ಬಿಸಿಲಿನಲ್ಲಿ ಕೋಲಾರದಲ್ಲಿ ನಮಗೆ ಐದು ದಿನ ತರಬೇತಿ ಇಟ್ಟಿದ್ದರು. ವಿಷಯ, 'ತರಗತಿಯಲ್ಲಿ ಅಂತರ್ಜಾಲ'. ಮೊದಲ ನಾಲ್ಕು ದಿನ 'ಅಂತರ್ಜಾಲ' ಎಂಬ ಪದದ ಅರ್ಥ ಹೇಳಿದರು. ಐದನೇ ದಿನ ಊಟಕ್ಕೆ ಸ್ವಲ್ಪ ಮುಂಚೆ ಅದನ್ನು ದೂರದಿಂದ ತೋರಿಸಿದರು. ಪರದೆಯ ಮೇಲೆ ಅಮೆರಿಕದ ಯಾವುದೋ ವೈದ್ಯಕೀಯ ಕಾಲೇಜಿನವರು ಹಾಕಿದ್ದ ಕಪ್ಪೆಯ ಚಿತ್ರ ಬಂತು. ಅಮೆರಿಕದ ಕಪ್ಪೆ ಕೋಲಾರದಲ್ಲಿ! ನನಗೆ ಮೈ ಜುಮ್ಮೆಂದಿತು. ಪಕ್ಕದಲ್ಲಿ ಕೂತಿದ್ದ ಮಾಲೂರಿನ ಮೇಷ್ಟ್ರು, "ನಮ್ಮೂರ ಕೆರೇಲೂ ಇಂಥವೇ ಇದಾವಲ್ರೀ" ಅಂದರು. ದೂರದೃಷ್ಟಿ ಇಲ್ಲದ ಮನುಷ್ಯ.

ಮನೆಗೆ ಬಂದವನೇ ಹೆಂಡತಿ ತ್ರಿವೇಣಿಯ ಮುಂದೆ ಪ್ರತಿಜ್ಞೆ ಮಾಡಿದೆ.

"ತ್ರಿವೇಣಿ, ಈ ವರ್ಷ ಇಡೀ ಜಗತ್ತನ್ನೇ ನನ್ನ ತರಗತಿಗೆ ತರ್ತೀನಿ ಕಣೇ!"

"ತನ್ನಿ. ಬರುವಾಗ ಗ್ಯಾಸ್ ಸಿಲಿಂಡರೂ ತನ್ನಿ. ಬುಕ್ ಮಾಡಿ ಹದಿನೈದು ದಿನ ಆಯ್ತು."

"ನಿನಗೆ ಇದರ ಬೆಲೆ ಗೊತ್ತಿಲ್ಲ. ಹೊಸದಾಗಿ ಬಂದಿರೋ ವಿಜ್ಞಾನದ ಪರಿವೀಕ್ಷಕರು ಲಕ್ಷ್ಮೀನಾರಾಯಣ ಅಂತ. ಇಂಟರ್ನೆಟ್ಟಲ್ಲಿ ಯಾರು ಚೆನ್ನಾಗಿ ಪಾಠ ಮಾಡ್ತಾರೋ ಅವರನ್ನ ಇಡೀ ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿ ಮಾಡ್ತಾರಂತೆ!"

"ಏನು, ಮೂಲವ್ಯಾಧಿನಾ?"

"ಸಂಪನ್ಮೂಲ ವ್ಯಕ್ತಿ! ಊರೂರು ಸುತ್ತಿ ಮೇಷ್ಟ್ರುಗಳಿಗೇ ಪಾಠ ಹೇಳೋನು!"

"ಯಾವುದು ಬಂದರೂ ಒಂದು ಕಡೆ ಕೂರಕ್ಕಾಗಲ್ಲ ಬಿಡಿ" ಎಂದು ಒಳಗೆ ಹೋದಳು.

ನಾನು ಪರಿವೀಕ್ಷಕರಿಗೆ ಕಾಗದ ಬರೆದೇ ಬಿಟ್ಟೆ. ಜೂನ್ ಕೊನೆಯ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ 'ಮಾನವನ ಹೃದಯ' ಎಂಬ ಪಾಠವನ್ನು ನೇರವಾಗಿ ಆನ್‌ಲೈನಿನಲ್ಲಿ ಮಾಡಿ ತೋರಿಸುತ್ತೇನೆ, ದಯಮಾಡಿಸಬೇಕು. ಬರುತ್ತೇವೆ ಎಂದು ಉತ್ತರವೂ ಬಂತು!

ಈಗ ಒಂದು ಸಣ್ಣ ತೊಡಕು. ನಮ್ಮ ಶಾಲೆಯಲ್ಲಿ ಎರಡು ಕಂಪ್ಯೂಟರ್ ಇದ್ದವು ನಿಜ. ಆದರೆ ಅವು ಬಿಳಿ ಬಟ್ಟೆ ಹೊದ್ದುಕೊಂಡು ಬೀಗ ಹಾಕಿದ ಕೋಣೆಯಲ್ಲಿ ಮಲಗಿದ್ದವು. ನೋಡಿದರೆ ಹೂವಿನ ಹಾರ ತರಬೇಕಿತ್ತೇನೋ ಅನ್ನಿಸುವ ಹಾಗಿತ್ತು. ಕೀಲಿ ಹೆಡ್‌ಮಾಸ್ಟರ್ ಚನ್ನರಾಯಪ್ಪನವರ ಜನಿವಾರಕ್ಕಿಂತ ಭದ್ರವಾಗಿ ಅವರ ಉಡಿದಾರದಲ್ಲಿತ್ತು.

"ಉದ್ಘಾಟನೆ ಆಗದೆ ಮುಟ್ಟೋ ಹಾಗಿಲ್ಲ ಉಮಾಶಂಕರ್" ಅಂದರು.

"ಉದ್ಘಾಟನೆ ಯಾವಾಗ ಸಾರ್?"

"ಮುಖ್ಯ ಅತಿಥಿಗಳ ಡೇಟು ಸಿಕ್ಕಿಲ್ಲ. ಎರಡು ವರ್ಷದಿಂದ ಕೇಳ್ತಾನೇ ಇದೀನಿ."

ಮೇಲಾಗಿ ಆ ಕೋಣೆಗೆ ಫೋನ್ ಲೈನೂ ಇರಲಿಲ್ಲ. ಆಗೆಲ್ಲ ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಂತಿಯೊಳಗೆ ನುಸುಳಿಕೊಂಡು. ನಮ್ಮ ಮನೆಯಲ್ಲಾದರೆ ನನ್ನ ಸ್ವಂತ ಕಂಪ್ಯೂಟರ್ ಇತ್ತು, ಫೋನೂ ಇತ್ತು. ಶಾಲೆಯಿಂದ ಹತ್ತು ನಿಮಿಷದ ದಾರಿ. ಮಕ್ಕಳನ್ನೇ ಮನೆಗೆ ಕರೆದುಕೊಂಡು ಹೋದರಾಯಿತು! ಪರಿವೀಕ್ಷಕರಿಗೆ ಇನ್ನೊಂದು ಕಾಗದ ಬರೆದು ಮನೆ ವಿಳಾಸ, ಫೋನ್ ನಂಬರು ಎರಡನ್ನೂ ತಿಳಿಸಿದೆ.

"ಎಷ್ಟು ಜನ ಮಕ್ಕಳು?" ಅಂದಳು ತ್ರಿವೇಣಿ.

"ಮೂವತ್ತೆಂಟು."

"ನಮ್ಮ ಹಾಲು ಎಷ್ಟು ಅಡಿ ಇದೆ ಗೊತ್ತಾ?"

"ಹೃದಯ ವೈಶಾಲ್ಯ ಇರಬೇಕು ಕಣೇ!"

"ಹೃದಯದ ಪಾಠ ಮುಗಿಯೋವರೆಗೂ ನನ್ನ ಹೃದಯದ ತಂಟೆಗೆ ಬರಬೇಡಿ" ಎಂದಳು.

ಭಾನುವಾರ ಬೆಳಿಗ್ಗೆ ಏಳಕ್ಕೇ ನಾನು ತಾಲೀಮು ಶುರುಮಾಡಿದೆ. ಮೋಡೆಮ್ ಎಂಬ ಸಣ್ಣ ಪೆಟ್ಟಿಗೆ ಮೊದಲು ಕುಂಯ್ ಅಂದು, ಆಮೇಲೆ ಕರ್ರ್ ಅಂದು, ಕೊನೆಗೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿ ಜಗತ್ತಿಗೆ ಅಂಟಿಕೊಂಡಿತು. ತರಬೇತಿಯಲ್ಲಿ ಬರೆದುಕೊಂಡ ವಿಳಾಸ ಹೊಡೆದೆ. ಅಮೆರಿಕದ ಹೃದಯ ಮುಳಬಾಗಿಲಿಗೆ ಹೊರಟಿತು. ಪರದೆಯ ಮೇಲಿನಿಂದ ಒಂದೊಂದೇ ಗೆರೆ, ಒಂದೊಂದೇ ಗೆರೆ! ಕಾಲು ಭಾಗ ಬಂದಿತ್ತು. ಅಷ್ಟರಲ್ಲಿ ಟಕ್ ಎಂದು ನಿಂತುಹೋಯಿತು.

"ಏನ್ರೀ, ಫೋನಲ್ಲಿ ಯಾರೋ ಕಿರುಚ್ತಾ ಇದಾರೆ!" ಅಡುಗೆಮನೆಯಿಂದ ತ್ರಿವೇಣಿ ಕೂಗಿದಳು. ಅದೇ ಲೈನಿನ ಇನ್ನೊಂದು ಫೋನ್ ಅಲ್ಲಿ ಇಟ್ಟಿದ್ದೆವು. ಇಂಟರ್ನೆಟ್ ನಡೆಯುವಾಗ ಯಾವ ಫೋನಿನ ರಿಸೀವರ್ ಎತ್ತಿದರೂ ಸಂಪರ್ಕ ಹರಿದುಹೋಗುತ್ತಿತ್ತು.

"ಅಯ್ಯೋ! ಯಾಕೆ ಎತ್ತಿದೆ?"

"ಎಂಟು ಗಂಟೆ ಆಯ್ತು. ಭಾನುವಾರ ಎಂಟಕ್ಕೆ ಅಮ್ಮ ಫೋನ್ ಮಾಡ್ತಾರೆ. ಇವತ್ತು ಯಾಕೋ ರಿಂಗೇ ಆಗಲಿಲ್ಲ ಅಂತ ಎತ್ತಿ ನೋಡಿದೆ."

"ಹನ್ನೊಂದು ವರ್ಷದಿಂದ ಪ್ರತಿವಾರ ಮಾಡ್ತಾ ಇದಾರೆ. ಒಂದು ವಾರ ತಪ್ಪಿದ್ರೆ ಶ್ರೀನಿವಾಸಪುರ ಮುಳುಗಿಹೋಗುತ್ತಾ?"

"ಶ್ರೀನಿವಾಸಪುರ ಮುಳುಗಲ್ಲ. ನೀವು ಮುಳುಗ್ತೀರಿ" ಅಂದಳು.

ನಾನು ಅಡುಗೆಮನೆಯ ಫೋನನ್ನು ಕಿತ್ತು ಬೀರುವಿನ ಮೇಲೆ ಇಟ್ಟುಬಿಟ್ಟೆ. ತಾಲೀಮಿಲ್ಲದ ಹೊತ್ತಿನಲ್ಲಿ, ರಾತ್ರಿ ಕೂಡ, ಯಾರ ಫೋನೂ ಬರದಿರಲಿ ಎಂದು ಹಾಲಿನ ರಿಸೀವರನ್ನೂ ತೆಗೆದೇ ಇಟ್ಟೆ. ಕ್ರಾಂತಿ ಮಾಡುವವರು ಸಣ್ಣಪುಟ್ಟ ಅತ್ತೆಯರನ್ನು ಲೆಕ್ಕಕ್ಕೆ ಹಿಡಿಯಬಾರದು!

ಅವತ್ತು ಇಡೀ ದಿನ ಏಳು ಸಲ ಪ್ರಯತ್ನ ಮಾಡಿದೆ. ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ. ಏಳನೇ ಸಲ ಇಡೀ ಹೃದಯ ತುದಿಯಿಂದ ಬುಡದವರೆಗೆ ಬಂದು ಕೂತಿತು. ಅದನ್ನು ಉಳಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಉಳಿಸುವುದು ಹೇಗೆ ಎಂಬುದು ಎರಡನೇ ಹಂತದ ತರಬೇತಿಯಲ್ಲಿತ್ತು. ನಾನಿನ್ನೂ ಮೊದಲನೇ ಹಂತ. ಕಂಪ್ಯೂಟರ್ ಆರಿಸಿದೆ, ಹೃದಯ ಹೊರಟುಹೋಯಿತು.

ಸಂಜೆ ತ್ರಿವೇಣಿ ಬಸ್‌ಸ್ಟ್ಯಾಂಡಿನ ಬೂತಿಗೆ ಹೋಗಿ ತಾಯಿಗೆ ಫೋನ್ ಮಾಡಿ ನೋಡಿದಳು. ಅಲ್ಲೂ ಎಂಗೇಜು! ಯಾಕೆಂದರೆ ನಮ್ಮತ್ತೆ ಕದಿರಮ್ಮನವರು ಬೆಳಿಗ್ಗೆ ಎಂಟರಿಂದ ಬಿಡದೆ ನಮಗೇ ಮಾಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಮತ್ತೆ ತಾಲೀಮು. ಒಂಬತ್ತೂವರೆಗೆ ಶಾಲೆಗೆ ಹೋಗಿ ಮಕ್ಕಳನ್ನು ಎರಡೆರಡು ಜನರ ಸಾಲು ಮಾಡಿ ಮನೆಗೆ ಕರೆತಂದೆ. ಮೂವತ್ತೆಂಟು ಜೊತೆ ಚಪ್ಪಲಿ ಬಾಗಿಲಿನಿಂದ ಗೇಟಿನವರೆಗೆ ಹರಡಿಕೊಂಡವು. ಮಕ್ಕಳು ಹಾಲಿನಲ್ಲಿ ಇಕ್ಕಟ್ಟಾಗಿ ಚಕ್ಕಳಮಕ್ಕಳ ಹಾಕಿ ಕೂತರು. "ಪರಿವೀಕ್ಷಕರು ಬಂದಾಗ ಯಾರೂ ಉಸಿರೆತ್ತಬಾರದು! ಕೈ ಕಟ್ಟಿ, ತಲೆ ಬಗ್ಗಿಸಿ ಕೂರಬೇಕು!" ಎಂದು ಗದರಿಸಿದೆ. ಕಂಪ್ಯೂಟರಿನ ಪಕ್ಕದಲ್ಲಿ ನಿಲ್ಲುವ ಗೌರವ ಕ್ಲಾಸಿನ ಲೀಡರ್ ಅನಂತಲಕ್ಷ್ಮಿಯದು. ಚಿತ್ರ ಎಷ್ಟು ಬಂದಿದೆ ಎಂದು ಜೋರಾಗಿ ಸಾರುವುದು ಅವಳ ಕೆಲಸ. ಹುಡುಗಿಯ ಗಂಟಲು ಒಳ್ಳೇ ಗಂಟಲು. ಆವನಿ ಬೆಟ್ಟದ ಮೇಲಿಂದ ಕೂಗಿದರೆ ಕೆಳಗಿನ ಹೊಲದಲ್ಲಿ ಎತ್ತು ನಿಲ್ಲುತ್ತಿತ್ತು.

ಸರಿಯಾಗಿ ಹತ್ತಕ್ಕೆ ಗೇಟು ಸದ್ದಾಯಿತು. ಇಸ್ತ್ರಿ ಮಾಡಿದ ಬೂದು ಸಫಾರಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಫೈಲು, ಹಣೆಯಲ್ಲಿ ಸಣ್ಣ ಕುಂಕುಮ. ನಾನು ಓಡಿದೆ.

"ನಮಸ್ಕಾರ ಸಾರ್! ಬರಬೇಕು, ಬರಬೇಕು!"

ಮೂವತ್ತೆಂಟು ಮಕ್ಕಳು ಒಟ್ಟಿಗೆ ಎದ್ದು, "ನಮಸ್ತೇ ಸಾರ್!" ಎಂದರು. ಅವರು ಒಂದು ಹೆಜ್ಜೆ ಹಿಂದೆ ಹೋದರು.

"ಅಲ್ಲ, ನಾನು... ಲೈನ್ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಗೊತ್ತು ಸಾರ್! ಅದಕ್ಕೇ ಅಲ್ವಾ ನಾವು ಕಾಯ್ತಾ ಇರೋದು. ಪೂರ್ತಿ ಲೈನೇ ಸಾರ್, ಆನ್‌ಲೈನು! ಕೂತ್ಕೊಳ್ಳಿ."

"ಐದು ನಿಮಿಷದ ಕೆಲಸ ಅಷ್ಟೆ. ನನಗೆ ನಂಗಲಿಯಲ್ಲಿ ಒಂದು ಮದುವೆ ನಿಶ್ಚಿತಾರ್ಥ ಇದೆ..."

"ಐದು ನಿಮಿಷದಲ್ಲಿ ಏನು ಕಾಣುತ್ತೆ ಸಾರ್! ಪೂರ್ತಿ ನೋಡ್ಬೇಕು. ತ್ರಿವೇಣಿ, ಕಾಫಿ!"

ಅವರನ್ನು ಬೆತ್ತದ ಕುರ್ಚಿಯಲ್ಲಿ ಹೆಚ್ಚುಕಡಿಮೆ ಅದುಮಿ ಕೂರಿಸಿದೆ. ತ್ರಿವೇಣಿ ಕಾಫಿಯ ಜೊತೆ ನಾಲ್ಕು ಒಬ್ಬಟ್ಟು ತಂದಿಟ್ಟಳು. ಒಬ್ಬಟ್ಟು ನೋಡಿದ ಮೇಲೆ ಅವರು ಎದ್ದುಹೋಗುವ ಮಾತಾಡಲಿಲ್ಲ. ಎಂಥ ಸರಳ ಮನುಷ್ಯ ಅಂದುಕೊಂಡೆ.

ಮೋಡೆಮ್ ಕಿರುಚಿತು. ಮಕ್ಕಳು ಬೆಚ್ಚಿದರು. ಹೃದಯ ಹೊರಟಿತು.

ಮೊದಲ ಹತ್ತು ನಿಮಿಷ ಬರೀ ಬಿಳಿ. ನಾನು ಇಂಟರ್ನೆಟ್ಟಿನ ಮಹಿಮೆಯನ್ನು ವರ್ಣಿಸಿದೆ. ಇನ್ನೂ ಬಿಳಿ. ನಾನು ಇಂಟರ್ನೆಟ್ಟಿನ ಮಹಿಮೆಯನ್ನು ಮೊದಲಿನಿಂದ ವರ್ಣಿಸಿದೆ.

"ಸಾರ್, ಕೆಂಪಗೆ ಏನೋ ಬಂತು!" ಅನಂತಲಕ್ಷ್ಮಿ ಸಾರಿದಳು.

"ಅದೇ ಮಹಾಪಧಮನಿ! ಬರ್ಕೊಳ್ಳಿ! ಇದೀಗ ಏಳು ಸಮುದ್ರ ದಾಟಿ ಬಂದಿದೆ!"

ಹಿಂದಿನ ಸಾಲಿನಿಂದ ಒಂದು ದನಿ, "ಸಾರ್, ಪುಸ್ತಕದಲ್ಲಿ ಇಡೀ ಹೃದಯ ಇದೆ ಸಾರ್. ನಲವತ್ತೇಳನೇ ಪುಟ."

"ಮುಚ್ಚೋ ಪುಸ್ತಕ! ಅದು ಅಚ್ಚು ಹೊಡೆದು ಒಣಗಿಸಿದ ಹೃದಯ. ಇದು ಬಿಸಿಬಿಸಿ!"

ಹದಿನೈದು ನಿಮಿಷಕ್ಕೆ ಮೇಲಿನ ಕೋಣೆಗಳು, ಅಂದರೆ ಹೃತ್ಕರ್ಣಗಳು, ಎಡಬಲ ಎರಡೂ ಕಂಡವು. ನಾನು ಕೋಲಿನಿಂದ ತೋರಿಸಿ ತೋರಿಸಿ ವಿವರಿಸಿದೆ. ಮಕ್ಕಳು ನೋಡಿ ನೋಡಿ ಬರೆದರು. ನನ್ನ ಮಾತಿಗೆ ನಾನೇ ಮರುಳಾಗಿದ್ದೆ. ಜಿಲ್ಲೆಯ ಹನ್ನೊಂದೂ ತಾಲ್ಲೂಕಿನ ಮೇಷ್ಟ್ರುಗಳು ನನ್ನ ಮುಂದೆ ನೋಟ್‌ಬುಕ್ ಹಿಡಿದು ಕೂತಿರುವುದು ಕಣ್ಣಿಗೆ ಕಟ್ಟಿತು. ಕುರ್ಚಿಯಲ್ಲಿದ್ದವರ ಕಡೆ ಕದ್ದು ನೋಡಿದೆ. ಮೂರನೇ ಒಬ್ಬಟ್ಟು ಮುಗಿಸಿ ಗಡಿಯಾರ ನೋಡುತ್ತಿದ್ದರು. 'ಸಮಯ ಹೋಗಿದ್ದೇ ಗೊತ್ತಾಗಿಲ್ಲ, ಪಾಪ' ಅಂದುಕೊಂಡೆ.

"ಸಾರ್, ಅರ್ಧ ಹೃದಯ ಬಂತು!" ಅಂದಳು ಅನಂತಲಕ್ಷ್ಮಿ.

ಆಗ ಆ ಮಹಾನುಭಾವರು ಎದ್ದರು. ನೇರವಾಗಿ ಕಂಪ್ಯೂಟರಿನ ಪಕ್ಕಕ್ಕೆ ಬಂದರು. ಹತ್ತಿರದಿಂದ ನೋಡುತ್ತಾರೆಂದು ನಾನು ದಾರಿ ಬಿಟ್ಟೆ. ಅವರು ಚಿತ್ರ ನೋಡಲಿಲ್ಲ. ಹಾಲಿನ ಫೋನಿನ ರಿಸೀವರನ್ನು ಎತ್ತಿ ಕಿವಿಗಿಟ್ಟುಕೊಂಡರು!

ಟಕ್.

"ಸಾರ್! ಹೃದಯ ನಿಂತೋಯ್ತು ಸಾರ್!" ಅನಂತಲಕ್ಷ್ಮಿ ತನ್ನ ಆವನಿ ಗಂಟಲಿನಲ್ಲಿ ಅರಚಿದಳು.

ಅದೇ ಗಳಿಗೆಗೆ ಗೇಟಿನ ಮುಂದೆ ಒಂದು ಟೆಂಪೋ ನಿಂತಿತ್ತು. ಶ್ರೀನಿವಾಸಪುರದ ಮಾವಿನ ಮಂಡಿಗೆ ಹಣ್ಣು ಹೊಡೆಯುವ ಪೆದ್ದಪ್ಪನ ಟೆಂಪೋ. ಅದರಿಂದ ನಮ್ಮತ್ತೆ ಕದಿರಮ್ಮ ಇಳಿಯುತ್ತಿದ್ದರು.

ಅವರ ಕಣ್ಣಿಂದ ಒಂದು ಸಲ ನೋಡಿ. ನಿನ್ನೆ ಬೆಳಿಗ್ಗೆಯಿಂದ ಮಗಳ ಮನೆಯ ಫೋನ್ ಎಂಗೇಜು. ರಿಸೀವರ್ ಕೈಯಿಂದ ಜಾರಿ ಬಿದ್ದಿದ್ದರೆ ಹೀಗಾಗುತ್ತೆ ಎಂದು ಪಕ್ಕದ ಮನೆಯವರು ಬೇರೆ ಹೇಳಿದ್ದಾರೆ. ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಟೆಲಿಫೋನಿನವರಿಗೆ ದೂರು ಕೊಡಿಸಿ, ಅದನ್ನೂ ಕಾಯಲಾರದೆ ಸಿಕ್ಕ ಗಾಡಿ ಹತ್ತಿ ಬಂದಿದ್ದಾರೆ. ಬಂದು ನೋಡಿದರೆ ಬಾಗಿಲ ತುಂಬ ಚಪ್ಪಲಿ. ಒಳಗೆ ಜನ ಕೈಕಟ್ಟಿ, ತಲೆ ಬಗ್ಗಿಸಿ, ಉಸಿರೆತ್ತದೆ ಕೂತಿದ್ದಾರೆ. ಅದರ ಮೇಲೆ ಒಂದು ಹೆಣ್ಣುದನಿ, 'ಹೃದಯ ನಿಂತೋಯ್ತು!'

"ಅಯ್ಯೋ ದೇವುಡಾ! ನಾ ಅಲ್ಲುಡು ಪೊಯ್ಯಾಡೇ!" ಎಂದು ಕದಿರಮ್ಮನವರು ಎದೆ ಬಡಿದುಕೊಂಡು ಒಳಗೆ ನುಗ್ಗಿದರು. ಅಳಿಯ ಹೋದನಲ್ಲಾ ಎಂಬ ಆ ಕೂಗಿಗೆ ತೆಲುಗು ಬಾರದವರಿಗೂ ಕಣ್ಣೀರು ಬರಬೇಕು. ಬಂತೂ ಕೂಡ. ಮುಂದಿನ ಸಾಲಿನ ನಾಲ್ಕು ಹುಡುಗಿಯರು ಏನು ಎತ್ತ ತಿಳಿಯದೆ ಗೊಳೋ ಎಂದು ಅತ್ತರು. ಪೆದ್ದಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು, "ಬಂಗಾರದಂಥ ಮನ್ಸ" ಎಂದು ನಿಟ್ಟುಸಿರು ಬಿಟ್ಟ. ಜೀವಮಾನದಲ್ಲಿ ನನ್ನನ್ನು ಯಾರಾದರೂ ಹಾಗೆ ಕರೆದದ್ದು ಅದೊಂದೇ ಸಲ.

ತ್ರಿವೇಣಿ ಅಡುಗೆಮನೆಯಿಂದ ಓಡಿಬಂದಳು. ಅತ್ತೆ ಅವಳನ್ನು ತಬ್ಬಿಕೊಂಡರು.

"ನನ್ನ ತಾಯಿ, ಈ ವಯಸ್ಸಿಗೇ ನಿನಗೆ ಹೀಗಾಯ್ತಲ್ಲೇ!"

"ಏನಾಯ್ತಮ್ಮಾ?"

"ನಿನ್ನ ಗಂಡ ಕಣೇ!"

"ಅವರಿಗೇನಾಗಿದೆ? ಅಗೋ, ಅಲ್ಲೇ ಕೋಲು ಹಿಡ್ಕೊಂಡು ನಿಂತಿದಾರೆ."

ಅತ್ತೆ ತಿರುಗಿದರು. ಕೆದರಿದ ಕೂದಲು, ಊದಿದ ಕಣ್ಣು, ಒಂದು ಕಾಲಿಗೆ ಮಾತ್ರ ಚಪ್ಪಲಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹತ್ತಿರ ಬಂದು ಕೆನ್ನೆ ಮುಟ್ಟಿದರು. ಇನ್ನೊಂದು ಕೈಯಿಂದ ಸೆರಗೆಳೆದು ಕಣ್ಣೊರೆಸಿಕೊಂಡರು. ನಿಜ ಹೇಳುತ್ತೇನೆ, ನನಗೆ ಅಲ್ಲೇ ಭೂಮಿಯೊಳಕ್ಕೆ ಇಳಿದುಹೋಗೋಣ ಅನ್ನಿಸಿತು.

"ಬದುಕಿದ್ದೀಯಾ ನಾಯನಾ?"

"ಹೂಂ ಅತ್ತೆ."

"ಚೆನ್ನಾಗಿ ಬದುಕಿದ್ದೀಯಾ?"

"ಹೂಂ."

"ಬದುಕಿದ್ದೂ ಫೋನ್ ಎತ್ತಲ್ವೇನೋ!" ಎಂದು ಅದೇ ಕೈಯಿಂದ ನನ್ನ ಕೋಲು ಕಿತ್ತುಕೊಂಡರು. ಅಳುತ್ತಿದ್ದ ನಾಲ್ಕು ಹುಡುಗಿಯರು ಕಣ್ಣೊರೆಸಿಕೊಂಡು ಆಸೆಯಿಂದ ನೋಡತೊಡಗಿದರು. ಕೋಲು ಮೇಲಕ್ಕೆ ಹೋಯಿತು. ತ್ರಿವೇಣಿ ತಡೆಯುವುದಿರಲಿ, ಚೆನ್ನಾಗಿ ಕಾಣಲಿ ಎಂದು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಳು!

ನಾನು ಪರಿವೀಕ್ಷಕರ ಹಿಂದೆ ಅಡಗಿದೆ.

"ಸಾರ್, ಕ್ಷಮಿಸಬೇಕು. ಮನೆ ವಿಷಯ. ತಾವು ದಯವಿಟ್ಟು ಪಾಠದ ಬಗ್ಗೆ ಎರಡು ಮಾತು..."

ಅವರು ರಿಸೀವರನ್ನು ನಿಧಾನವಾಗಿ ಕೆಳಗಿಟ್ಟರು. ಫೈಲು ಬಿಚ್ಚಿದರು. ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಡಯಲ್ ಟೋನ್ ಚೆನ್ನಾಗೇ ಇದೆ. ಲೈನಲ್ಲಿ ಏನೂ ದೋಷ ಇಲ್ಲ. ಇಲ್ಲೊಂದು ಸೈನ್ ಹಾಕಿ."

"ಎಲ್ಲಿ ಸಾರ್?"

"'ಫೋನ್ ಸರಿಯಾಗಿದೆ' ಅಂತ ಇದೆಯಲ್ಲ, ಅದರ ಕೆಳಗೆ. ಶ್ರೀನಿವಾಸಪುರದಿಂದ ಬೆಳಿಗ್ಗೆ ಕಂಪ್ಲೇಂಟ್ ಬಂದಿತ್ತು. ನಾನು ಮುನಿಯಲ್ಲಪ್ಪ, ಟೆಲಿಫೋನ್ ಎಕ್ಸ್‌ಚೇಂಜು. ಬಂದಾಗಿಂದ ಹೇಳೋಣ ಅಂದ್ರೆ ನೀವು ಬಿಡ್ತಾನೇ ಇಲ್ಲ."

ನಾನು ಸೈನ್ ಹಾಕಿದೆ. ಅವರು ತ್ರಿವೇಣಿಯ ಕಡೆ ತಿರುಗಿ, "ಒಬ್ಬಟ್ಟು ಬಹಳ ಚೆನ್ನಾಗಿತ್ತು ತಾಯಿ" ಎಂದು ಕೈಮುಗಿದು, ನಾಲ್ಕನೆಯದನ್ನೂ ಕೈಯಲ್ಲಿ ಹಿಡಿದು ನಂಗಲಿಗೆ ಹೊರಟರು.

ಹನ್ನೆರಡಾದರೂ ನಿಜವಾದ ಪರಿವೀಕ್ಷಕರು ಬರಲಿಲ್ಲ. ಮೋಡೆಮ್ ಮುಟ್ಟುವ ಧೈರ್ಯ ನನಗಿರಲಿಲ್ಲ, ಏಕೆಂದರೆ ಅತ್ತೆ ಫೋನಿನ ಪಕ್ಕದಲ್ಲೇ ಕೋಲು ಸಮೇತ ಕೂತಿದ್ದರು. ಮಕ್ಕಳ ಬಾಡಿದ ಮುಖ ನೋಡಿ ಅವರೇ, "ಪೆದ್ದಪ್ಪಾ, ಒಂದು ಬುಟ್ಟಿ ಇಳಿಸೋ" ಅಂದರು. ಆ ದಿನ ನಮ್ಮ ಮನೆಯಲ್ಲಿ ಪೂರ್ತಿಯಾಗಿ ಡೌನ್‌ಲೋಡ್ ಆಗಿದ್ದು ಪೆದ್ದಪ್ಪನ ಮಾವಿನಹಣ್ಣು ಮಾತ್ರ. ಮಕ್ಕಳು ಮೊಣಕೈವರೆಗೆ ರಸ ಸುರಿಸಿಕೊಂಡು, "ಸಾರ್, ಶ್ವಾಸಕೋಶದ ಪಾಠವೂ ನಿಮ್ಮ ಮನೇಲೇ ಮಾಡಿ ಸಾರ್" ಎಂದು ಹೇಳಿ ಹೋದರು. ತ್ರಿವೇಣಿ ಹಾಲು ತೊಳೆದಳು. ನಾನು ಕೂತ ಕುರ್ಚಿಯ ಸುತ್ತ ಮಾತ್ರ ಎರಡೆರಡು ಸಲ ಪೊರಕೆ ಕುಕ್ಕಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರನೆಯ ದಿನ ಮೂರನೇ ಪಿರಿಯಡ್ಡಿನಲ್ಲಿ ಹೆಡ್‌ಮಾಸ್ಟರ್ ಚನ್ನರಾಯಪ್ಪನವರು ಒಬ್ಬರನ್ನು ಕರೆದುಕೊಂಡು ನನ್ನ ಕ್ಲಾಸಿಗೇ ಬಂದರು. ತೆಳ್ಳಗೆ, ಬೆಳ್ಳಗೆ, ಕೈಯಲ್ಲಿ ಡೈರಿ. ಈ ಸಲ ನಾನು ಹೆಸರು, ಇಲಾಖೆ, ಬಂದ ಉದ್ದೇಶ ಎಲ್ಲ ಕೇಳಿ ತಿಳಿದುಕೊಂಡ ಮೇಲೆಯೇ ನಮಸ್ಕಾರ ಮಾಡಿದೆ. ಲಕ್ಷ್ಮೀನಾರಾಯಣ ಅವರೇ!

"ಸಾರಿ ಮೇಷ್ಟ್ರೇ. ನಿನ್ನೆ ದಿಢೀರಂತ ಮೀಟಿಂಗ್ ಬಂತು. ಬರಕ್ಕಾಗಲ್ಲ ಅಂತ ತಿಳಿಸೋಣ ಅಂದ್ರೆ ಬೆಳಿಗ್ಗೆ ಏಳರಿಂದ ನಿಮ್ಮ ಫೋನ್ ಎಂಗೇಜು. ಪಾಠ ಆಯ್ತಾ?"

"ಆಯ್ತು ಸಾರ್" ಅಂದೆ. ನಾಲಿಗೆ ಮೇಲೆ ಇನ್ನೂ ಸ್ವಲ್ಪ ಜಂಬ ಉಳಿದಿತ್ತು ನೋಡಿ. "ಬಹಳ ಪರಿಣಾಮಕಾರಿಯಾಗಿ ಆಯ್ತು. ಮಕ್ಕಳು ಜನ್ಮದಲ್ಲಿ ಮರೆಯಲ್ಲ."

"ಹೌದಾ! ಸಂತೋಷ. ಯಾರಮ್ಮ ಲೀಡರು? ಬಾ, ನಿನ್ನೆ ಕಲಿತ ಹೃದಯದ ಚಿತ್ರ ಬೋರ್ಡಿನ ಮೇಲೆ ಬರಿ."

ಅನಂತಲಕ್ಷ್ಮಿ ಎದ್ದು ಬಂದಳು. ಬರೆದಳು ನೋಡಿ ಚಿತ್ರ! ಶಿವಾರಪಟ್ಟಣದ ಶಿಲ್ಪಿಗಳು ಕಲ್ಲಿನಲ್ಲಿ ಕೆತ್ತಿದ ಹಾಗೆ ಒಂದೊಂದು ಗೆರೆ. ಮಹಾಪಧಮನಿ, ಅದರ ಕವಲು, ಬಲ ಹೃತ್ಕರ್ಣ, ಎಡ ಹೃತ್ಕರ್ಣ. ಬಾಣದ ಗುರುತು ಹಾಕಿ ಹೆಸರೂ ಬರೆದಳು. ಪರಿವೀಕ್ಷಕರು "ಭೇಷ್, ಭೇಷ್" ಅನ್ನುತ್ತಾ ಡೈರಿ ಬಿಚ್ಚಿದರು. ನನ್ನ ಎದೆ ಉಬ್ಬಿತು.

ಅನಂತಲಕ್ಷ್ಮಿ ಹೃದಯದ ನಡುವಿಗೆ ಸರಿಯಾಗಿ ಅಡ್ಡಲಾಗಿ ಒಂದು ಗೆರೆ ಎಳೆದಳು. ಸೀಮೆಸುಣ್ಣ ಕೆಳಗಿಟ್ಟು ಕೈ ಕಟ್ಟಿ ನಿಂತಳು.

"ಮುಂದೆ ಬರಿಯಮ್ಮ."

"ಅಷ್ಟೇ ಸಾರ್ ಹೃದಯ."

"ಅಷ್ಟೇ ಹೇಗಮ್ಮ? ಕೆಳಗಡೆದು?"

"ಕೆಳಗಡೆದು ಬರಲಿಲ್ಲ ಸಾರ್."

ಪರಿವೀಕ್ಷಕರು ಕ್ಲಾಸಿನ ಕಡೆ ತಿರುಗಿದರು. "ಯಾರಿಗಾದ್ರೂ ಗೊತ್ತಾ? ಹೃದಯದ ಮೇಲಿನ ಭಾಗ ಆದಮೇಲೆ ಏನು ಬರುತ್ತೆ?"

ಮೂವತ್ತೇಳು ಕೈಗಳು ಒಟ್ಟಿಗೆ ಎದ್ದವು. ಮೂವತ್ತೇಳು ಗಂಟಲುಗಳು ಒಟ್ಟಿಗೆ ಉತ್ತರ ಹೇಳಿದವು.

"ಸಾರ್ ಅವರ ಅತ್ತೆ ಬರ್ತಾರೆ ಸಾರ್!"

ಪರಿವೀಕ್ಷಕರು ಡೈರಿ ಮುಚ್ಚಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ತಮ್ಮಷ್ಟಕ್ಕೆ ತಾವೇ ಎಂಬಂತೆ ಅಂದರು.

"ಪಾಠದಲ್ಲಿ ತಪ್ಪಿಲ್ಲ. ನಮ್ಮನೇಲೂ ಅತ್ತೆ ಬಂದಾಗ ಹೃದಯ ಹಾಗೇನೇ ನಿಲ್ಲೋದು. ಕೂತ್ಕೊಳ್ಳಮ್ಮ."

ಅನಂತಲಕ್ಷ್ಮಿ ಕೂರುವುದಕ್ಕೆ ಮುಂಚೆ ನಾನೇ ಕೂತುಬಿಟ್ಟೆ.